ಹಳೆಯ ಸೋಪ್ ಸೇವೆಗೆ ಜಾವಾಸ್ಕ್ರಿಪ್ಟ್ ಕ್ಲೈಂಟ್ ಜನರೇಟ್ ಮಾಡಿದ ನನ್ನ ಅನುಭವ

ಸುಮಾರು 140 ಆಪರೇಷನ್‌ಗಳೂ 600ರ ಆಸುಪಾಸು ಟೈಪ್‌ಗಳೂ ಇದ್ದ ಎಕ್ಸ್‌ಎಂಎಲ್ ಸಂದೇಶಗಳಲ್ಲಿ ಮಾತಾಡುವ ಹಳೆಯ ಸೋಪ್ ಸೇವೆಯೊಂದಕ್ಕೆ ಜಾವಾಸ್ಕ್ರಿಪ್ಟ್ ಕ್ಲೈಂಟನ್ನು (ಸೇವೆಯನ್ನು ಕರೆಯುವ ಕೋಡನ್ನು), ಆ ಸೇವೆಯ ವಿವರಣಾ ಕಡತವಾದ ಡಬ್ಲ್ಯುಎಸ್‌ಡಿಎಲ್‌ನಿಂದಲೇ ಜನರೇಟ್ ಮಾಡುತ್ತೇನೆಂದು ನಾನು ಹೇಳಿದಾಗ ತಂಡದಲ್ಲಿ ಯಾರೂ ಒಪ್ಪಲಿಲ್ಲ. ನಮಗೆ ಬೇಕಿರುವುದು ಇಪ್ಪತ್ತೈದು ಕರೆಗಳಷ್ಟೇ, ಅವನ್ನು ಕೈಯಲ್ಲೇ ಬರೆದು ಮುಗಿಸೋಣ ಎಂಬುದು ಅವರ ವಾದವಾಗಿತ್ತು. ಎರಡು ವರ್ಷಗಳಲ್ಲಿ ಆ ಇಪ್ಪತ್ತೈದು ತೊಂಬತ್ತನ್ನು ದಾಟಿದೆ. ಮೂರನ್ನು ಬಿಟ್ಟರೆ ಅವುಗಳಲ್ಲಿ ಒಂದನ್ನೂ ಯಾರೂ ಕೈಯಲ್ಲಿ ಬರೆದಿಲ್ಲ.

ಆದರೆ ಮೊದಲ ಎರಡು ತಿಂಗಳು ನಾನು ಸೋತೆ ಎಂಬುದೂ ನಿಜ. ಸಿದ್ಧ ಜನರೇಟರ್ ಒಂದನ್ನು ಓಡಿಸಿದಾಗ ಅದು ಪ್ರತಿಯೊಂದು ಟೈಪ್‌ಗೂ ಒಂದು ಕ್ಲಾಸ್, ಅದರೊಳಗೆ ಸೀರಿಯಲೈಸ್ ಮತ್ತು ಡಿಸೀರಿಯಲೈಸ್ ಮಾಡುವ (ದತ್ತಾಂಶವನ್ನು ಎಕ್ಸ್‌ಎಂಎಲ್ ಆಗಿಸುವ, ಮರಳಿ ಬಿಡಿಸುವ) ಕೋಡನ್ನು ಸುರಿಯಿತು. ಮಿನಿಫೈ ಮಾಡಿ ಕುಗ್ಗಿಸಿದ ಮೇಲೂ ಬಂಡಲ್ (ಬ್ರೌಸರ್‌ಗೆ ಹೋಗುವ ಕೋಡಿನ ಕಟ್ಟು) 700 ಕೆಬಿಗಿಂತ ಕೆಳಗಿಳಿಯಲಿಲ್ಲ. ನಾನು ಕೋಡನ್ನು ಜನರೇಟ್ ಮಾಡುವುದನ್ನೇ ಬಿಟ್ಟು, ಸ್ಕೀಮಾವನ್ನು (ಟೈಪ್‌ಗಳ ವಿವರಣೆಯನ್ನು) ಅಡಕವಾದ ಕೋಷ್ಟಕಗಳಾಗಿ ಇಳಿಸಿ, ಅವನ್ನು ಓದಿ ಎಕ್ಸ್‌ಎಂಎಲ್ ಕಟ್ಟುವ ಮತ್ತು ಬಿಡಿಸುವ ಒಂದೇ ಒಂದು ಸಣ್ಣ ರನ್‌ಟೈಮ್ ಬರೆದೆ. ಟೈಪ್ ತಪ್ಪುಗಳನ್ನು ಬರೆಯುವಾಗಲೇ ಹಿಡಿಯಲು ನೆರವಾಗುವ ಟೈಪ್‌ಸ್ಕ್ರಿಪ್ಟ್ ಡಿಕ್ಲರೇಷನ್‌ಗಳು ಬೇರೆ ಕಡತಕ್ಕೆ ಹೋಗುವುದರಿಂದ ಅವು ಬಂಡಲ್‌ಗೆ ಭಾರವಾಗುವುದಿಲ್ಲ. ಎಲ್ಲ ಸೇರಿ 70 ಕೆಬಿ ಆಯಿತು.

ನಿಜವಾದ ನಷ್ಟ ಬಂದದ್ದು ಸಂಖ್ಯೆಗಳಿಂದ. ಸೇವೆಯಲ್ಲಿ ದಾಖಲೆಯ ಗುರುತು 64 ಬಿಟ್‌ನ ಲಾಂಗ್ (ದೊಡ್ಡ ಪೂರ್ಣಾಂಕ), ಅದೂ ಹದಿನೆಂಟು ಅಂಕೆಯದು. ಜಾವಾಸ್ಕ್ರಿಪ್ಟ್‌ನ ನಂಬರ್ 9007199254740991ರ ಆಚೆಗೆ ಪೂರ್ಣಾಂಕವನ್ನು ನಿಖರವಾಗಿ ಹಿಡಿಯಲಾರದು. ಕೊನೆಯ ಎರಡು ಅಂಕೆಗಳು ಸದ್ದಿಲ್ಲದೆ ಬದಲಾಗಿ, ತಿದ್ದುಪಡಿಗಳು ಇಲ್ಲದ ದಾಖಲೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದವು. ಅದು ಮೊದಲೇ ಮೊತ್ತ ನಿಗದಿಯಾಗಿದ್ದ ಕೆಲಸವಾದ್ದರಿಂದ, ಸರಿಪಡಿಸಲು ಹಿಡಿದ ಮೂರು ವಾರಗಳಿಗೆ ಒಂದು ಕಾಸೂ ಸಿಗಲಿಲ್ಲ. ದೊಡ್ಡ ಪೂರ್ಣಾಂಕಗಳಿಗೆಂದೇ ಇರುವ ಬಿಗ್‌ಇಂಟ್ ಬಳಸಿ ನೋಡಿದೆ. ದತ್ತಾಂಶವನ್ನು ಪಠ್ಯವಾಗಿಸುವ ಜೇಸನ್ ಸ್ಟ್ರಿಂಗಿಫೈ ಅದನ್ನು ಕಂಡೊಡನೆ ಎರರ್ ಎಸೆಯುವುದರಿಂದ ಇಡೀ ಅಪ್ಲಿಕೇಷನ್‌ನಲ್ಲಿ ತೇಪೆ ಹಾಕಬೇಕಾಗುತ್ತಿತ್ತು. ಈಗ ಲಾಂಗ್ ಎಂದರೆ ಸ್ಟ್ರಿಂಗ್ (ಬರಿಯ ಪಠ್ಯ). ಬರಿಯ ದಿನಾಂಕವೂ ಸ್ಟ್ರಿಂಗೇ, ಏಕೆಂದರೆ ಡೇಟ್ ಆಬ್ಜೆಕ್ಟ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ನಡುರಾತ್ರಿಯೆಂದು ಓದಿ, ಯುಟಿಸಿಗಿಂತ ಹಿಂದಿರುವ ವಲಯಗಳಲ್ಲಿ ಹಿಂದಿನ ದಿನವನ್ನು ತೋರಿಸುತ್ತದೆ.

ಹಣ ಸೋರಿದ ಇನ್ನೊಂದು ದಾರಿಯನ್ನು ನಾನು ಬಹಳ ತಡವಾಗಿ ಕಂಡೆ. ಸೋಪ್ 1.1ರ ನಿಯಮದಂತೆ ಫಾಲ್ಟ್‌ಗಳು (ಸೇವೆ ಕಳಿಸುವ ದೋಷ ಸಂದೇಶಗಳು) ಎಚ್‌ಟಿಟಿಪಿ 500 (ಸರ್ವರ್ ದೋಷದ ಸಂಕೇತ) ಆಗಿಯೇ ಬರುತ್ತವೆ. ಬ್ರೌಸರ್‌ನ ಫೆಚ್ ಕರೆಗೆ ನಾವು ಹಾಕಿದ್ದ ಹೊದಿಕೆಯಾದರೋ 500 ಎಂದರೆ ಸರ್ವರ್ ಕುಸಿದಿದೆಯೆಂದು ತಿಳಿದು ಮತ್ತೆರಡು ಬಾರಿ ಪ್ರಯತ್ನಿಸುತ್ತಿತ್ತು. ಸೇವೆಗೆ ಕರೆಯ ಲೆಕ್ಕದಲ್ಲಿ ಶುಲ್ಕವಿದ್ದುದರಿಂದ, ಬಳಕೆದಾರರ ಒಂದೊಂದು ತಪ್ಪು ನಮೂದಿಗೂ ನಾವು ಮೂರು ಪಟ್ಟು ತೆರುತ್ತಿದ್ದೆವು. ಈಗ ರನ್‌ಟೈಮ್ ಉತ್ತರದ ಒಡಲನ್ನು ಓದಿದ ನಂತರವೇ ಮರುಪ್ರಯತ್ನವನ್ನು ನಿರ್ಧರಿಸುತ್ತದೆ.

ಇಷ್ಟಾದರೂ ಕ್ಲೈಂಟ್ ನೆಟ್ಟಗೆ ನಿಂತದ್ದು, ಡಬ್ಲ್ಯುಎಸ್‌ಡಿಎಲ್ ಹೇಳಿದ್ದನ್ನೆಲ್ಲ ನಂಬುವುದನ್ನು ನಿಲ್ಲಿಸಿದ ಮೇಲೆಯೇ. ಕಾರ್ಸ್ ಪ್ರೀಫ್ಲೈಟ್‌ಗೆ (ಬೇರೆ ಸರ್ವರ್‌ಗೆ ಕರೆ ಕಳಿಸುವ ಮುನ್ನ ಬ್ರೌಸರ್ ಕೇಳುವ ಅನುಮತಿಗೆ) ಆ ಸರ್ವರ್ ಉತ್ತರಿಸದ ಕಾರಣ ನಡುವೆ ಕರೆಗಳನ್ನು ದಾಟಿಸುವ ಒಂದು ರಿಲೇ ಹೇಗೂ ಇತ್ತು. ಅದರಲ್ಲೇ ಸುಮಾರು 40,000 ಉತ್ತರಗಳನ್ನು ಗುರುತುಗಳನ್ನು ಅಳಿಸಿ ದಾಖಲಿಸಿಕೊಂಡು ಸ್ಕೀಮಾದೊಡನೆ ಹೋಲಿಸಿದೆ. ಕಡ್ಡಾಯವೆಂದಿದ್ದ ಎಲಿಮೆಂಟ್‌ಗಳು ಬಾರದಿರುವುದು, ನಿಗದಿತ ಮೌಲ್ಯಗಳ ಪಟ್ಟಿಯಾದ ಎನಮ್‌ನಲ್ಲಿಲ್ಲದ ಮೌಲ್ಯಗಳು ಬರುವುದು, ಹೀಗೆ ಮೂವತ್ತಕ್ಕೂ ಹೆಚ್ಚು ಕಡೆ ಮಾತೇ ಒಂದು, ನಡತೆಯೇ ಒಂದು. ಈ ತಿದ್ದುಪಡಿಗಳು ಪ್ರತ್ಯೇಕ ಪ್ಯಾಚ್ ಕಡತದಲ್ಲಿದ್ದು, ಜನರೇಟರ್ ಓಡುವ ಮುನ್ನ ಸ್ಕೀಮಾದ ಮೇಲೆ ಕೂರುತ್ತವೆ. ಹೊರಬಂದ ಕಡತಗಳನ್ನು ಯಾರೂ ಮುಟ್ಟುವಂತಿಲ್ಲ. ಯಾವ ಎನಮ್ ಮುಚ್ಚಿದ್ದು, ಯಾವುದು ಮುಂದೆ ಬೆಳೆಯುವಂಥದ್ದು ಎಂದು ಆ ದಾಖಲಿಸಿದ ಉತ್ತರಗಳಿಂದಲೇ ಊಹಿಸುವ ಲೆಕ್ಕವೊಂದನ್ನು ಕಟ್ಟಿದ್ದೇನೆ. ಅದು ನನ್ನ ಹೊಟ್ಟೆಪಾಡಿನ ವಿದ್ಯೆಯಾದ್ದರಿಂದ ಇಲ್ಲಿ ಬಿಡಿಸಿ ಹೇಳಲಾರೆ.

ನಡುವೆ ಒಂದು ವಾರ, ಜನರೇಟ್ ಮಾಡುವ ಗೊಡವೆಯೇ ಬೇಡವೆಂದು, ಪ್ರಾಕ್ಸಿ ಆಬ್ಜೆಕ್ಟ್‌ನಿಂದ (ಯಾವ ಹೆಸರಿನ ಕರೆಯನ್ನೂ ನಡುವೆ ತಡೆದು ಹಿಡಿಯಬಲ್ಲ ಜಾವಾಸ್ಕ್ರಿಪ್ಟ್ ವಸ್ತು) ಮೆಥಡ್ ಹೆಸರುಗಳನ್ನು ಓಟದಲ್ಲೇ ಹಿಡಿಯುವ ಪ್ರಯೋಗವನ್ನೂ ಮಾಡಿದೆ. ಕೋಡು ಬಹಳ ಚಿಕ್ಕದಾಯಿತು, ನಿಜ. ಆದರೆ ಎಡಿಟರ್‌ನಲ್ಲಿ ಹೆಸರು ಪೂರಣ ಹೋಯಿತು, ಅಕ್ಷರ ತಪ್ಪಿದರೆ ಓಡಿಸುವವರೆಗೂ ತಿಳಿಯದಾಯಿತು. ಅದನ್ನು ಕೈಬಿಟ್ಟೆ. ಅದೇ ಕೋಷ್ಟಕಗಳಿಂದ ನಕಲಿ ಸರ್ವರ್ ಒಂದನ್ನು ಹುಟ್ಟಿಸಿದ್ದು ಮಾತ್ರ ಫಲ ಕೊಟ್ಟಿತು: ಪರೀಕ್ಷೆಗಳೆಲ್ಲ ಅದರ ಮೇಲೆಯೇ ಓಡುವುದರಿಂದ ಕರೆಯ ಶುಲ್ಕದಲ್ಲಿ ಅಂದಾಜು ಕಾಲು ಭಾಗ ಉಳಿಯುತ್ತಿದೆ.

ಸೇವೆಯ ಹೊಸ ಆವೃತ್ತಿ ಕಳೆದ ಬಾರಿ ಬಂದಾಗ ಜನರೇಟರ್ ನಾಲ್ಕೈದು ಸೆಕೆಂಡಿನಲ್ಲಿ ಮುಗಿಯಿತು. ಟೈಪ್‌ಸ್ಕ್ರಿಪ್ಟ್ ಹನ್ನೊಂದು ಕಡೆ ಕೆಂಪು ಗೆರೆ ಎಳೆಯಿತು, ಸಂಜೆಯೊಳಗೆ ಎಲ್ಲವನ್ನೂ ಸರಿಪಡಿಸಿದೆವು. ಎಂಟಾಮ್ ಅಟ್ಯಾಚ್‌ಮೆಂಟ್‌ಗಳನ್ನು (ಸೋಪ್ ಸಂದೇಶದೊಡನೆ ಹೋಗುವ ಬೈನರಿ ಕಡತಗಳನ್ನು) ಮಾತ್ರ ಜನರೇಟರ್ ಇನ್ನೂ ಮುಟ್ಟಿಲ್ಲ. ಅವನ್ನು ಹೊರುವ ಮೂರು ಆಪರೇಷನ್‌ಗಳು ಇಂದಿಗೂ ರಿಲೇಯಲ್ಲಿ ಕೈಬರಹದ ಕೋಡಿನ ಮೂಲಕವೇ ಹಾದುಹೋಗುತ್ತವೆ.