ಕಟ್ಟಿಕೊಂಡ ಫೀಡಿಂಗ್ ಟ್ಯೂಬ್ ಬಿಡಿಸಿದ್ದು ಹೀಗೆ

ಬೆಳಗಿನ ಮಾತ್ರೆ ಕೊಟ್ಟ ಮೇಲೆ ಕಟ್ಟಿಕೊಳ್ಳುತ್ತಿದ್ದ, ಮೂಗಿನಿಂದ ಹೊಟ್ಟೆಗೆ ಆಹಾರ ಒಯ್ಯುವ ಟ್ಯೂಬ್ ಈಗ ಸರಾಗವಾಗಿದೆ. ಮಾಡಿದ್ದನ್ನು ಬರೆದಿಟ್ಟಿದ್ದೇನೆ.

ಮೊದಲು ಕ್ಲಾಂಪ್ (ಟ್ಯೂಬ್ ಮುಚ್ಚುವ ಕ್ಲಿಪ್) ನೋಡಿ. ಎಷ್ಟೋ ಸಲ ಅದೇ ಮುಚ್ಚಿರುತ್ತದೆ, ಇಲ್ಲವೇ ಟ್ಯೂಬ್ ಬೆನ್ನಡಿ ಮಡಚಿಕೊಂಡಿರುತ್ತದೆ. ಟ್ಯೂಬ್ ಮೇಲೆ ಮೂಗಿನ ಬಳಿ ಇರುವ ಗುರುತು ಸರಿದಿದ್ದರೆ, ಕೆಮ್ಮು ಅಥವಾ ಉಬ್ಬಸ ಇದ್ದರೆ ಏನನ್ನೂ ಒಳಗೆ ಬಿಡದೆ ಆಸ್ಪತ್ರೆಗೆ ಫೋನ್ ಮಾಡಿ.

ಗುರುತು ಸರಿಯಿದ್ದರೆ 60 ಮಿ.ಲೀ. ಸಿರಿಂಜ್ ಸಿಕ್ಕಿಸಿ ಪ್ಲಂಜರ್ ಹಿಂದಕ್ಕೆಳೆದು, ಬಂದಷ್ಟು ಹೊರಚೆಲ್ಲಿ. ನಂತರ ಉಗುರುಬೆಚ್ಚಗಿನ ನೀರು ತುಂಬಿ, ಮೆಲ್ಲಗೆ ಒಳಗೆ ಹೊರಗೆ ಆಡಿಸಿ. ಕದಲದಿದ್ದರೆ ಕ್ಲಾಂಪ್ ಹಾಕಿ 15–20 ನಿಮಿಷ ಬಿಟ್ಟು ಮತ್ತೆ ಆಡಿಸಿ. ಅರ್ಧ ಕೆಲಸ ಆಗುವುದೇ ಈ ನೆನೆಯುವಿಕೆಯಲ್ಲಿ. ಸಣ್ಣ ಸಿರಿಂಜ್ ಬೇಡ, ಅದರ ಒತ್ತಡ ಜಾಸ್ತಿ, ಟ್ಯೂಬ್ ಸೀಳಬಹುದು. ಕೋಲಾ ಸುರಿಯುವ ಸಲಹೆ ಕೇಳಬೇಡಿ: ಅದರ ಹುಳಿಗೆ ಫಾರ್ಮುಲಾದ (ಟ್ಯೂಬ್‌ನಲ್ಲಿ ಕೊಡುವ ದ್ರವ ಆಹಾರದ) ಪ್ರೋಟೀನ್ ಒಡೆದು ಇನ್ನಷ್ಟು ಗಟ್ಟಿಯಾಗುತ್ತದೆ. ತಂತಿಯಂತೂ ಬೇಡವೇ ಬೇಡ. ಎರಡು ಮೂರು ಸಲಕ್ಕೂ ಬಿಡದಿದ್ದರೆ ನರ್ಸ್‌ಗೆ ಹೇಳಿ. ಕಟ್ಟಿದ್ದನ್ನು ಕರಗಿಸುವ ಎಂಜೈಮ್ ದ್ರಾವಣ ಬಿಡುವುದು, ಹೊಸ ಟ್ಯೂಬ್ ಹಾಕುವುದು ಅವರ ಕೆಲಸ.

ಇಲ್ಲಿ ಕಾರಣ ತರಿತರಿಯಾಗಿ ಉಳಿದ ಮಾತ್ರೆ ಪುಡಿ. ನುಣ್ಣಗೆ ಅರೆದು ನೀರಿನಲ್ಲಿ ಪೂರ್ತಿ ಕದಡಿ, ಒಂದೊಂದೇ ಮದ್ದು ಕೊಡಿ, ನಡುವೆ 15 ಮಿ.ಲೀ. ನೀರು. ಫಾರ್ಮುಲಾಕ್ಕೆ ಮದ್ದು ಬೆರೆಸಬೇಡಿ. ನಿಧಾನವಾಗಿ ಕರಗುವ ಮಾತ್ರೆಗಳನ್ನು ಅರೆಯಲೇಬಾರದು; ದ್ರವರೂಪದ್ದು ಸಿಗುತ್ತದೆಯೇ ಎಂದು ಫಾರ್ಮಸಿಸ್ಟ್ ಬಳಿ ಕೇಳಿ. ಫೀಡ್‌ಗೆ ಮುಂಚೆ, ಆಮೇಲೆ ತಲಾ 30 ಮಿ.ಲೀ. ನೀರು, ಫೀಡ್ ಕೊಡುವ ಪಂಪ್ ಸತತವಾಗಿ ಓಡುತ್ತಿದ್ದರೆ 4 ಗಂಟೆಗೊಮ್ಮೆ. ಇದು ದೊಡ್ಡವರ ಲೆಕ್ಕ. ಮಕ್ಕಳಿಗೆ, ನೀರಿನ ಮಿತಿ ಇರುವವರಿಗೆ ಡಾಕ್ಟರ್ ಹೇಳಿದಷ್ಟೇ.