ಕುಚ್ಚಲಕ್ಕಿ ಅನ್ನ, 12 ನಿಮಿಷದ ಗ್ಯಾಸಿನಲ್ಲಿ

"ಇದೆಂಥದು ಮಾರಾಯ್ತಿ, ಅನ್ನವನ್ನು ಗೋಣಿ ಹೊದೆಸಿ ಮಲಗಿಸುದಾ?" ಅತ್ತೆ ಮೊದಲ ದಿನ ಕೇಳಿದ್ದು ಇದನ್ನೇ. ನಾದಿನಿಯಂತೂ ಬೇಯದ ಅನ್ನ ತಿಂದು ಎಲ್ಲರ ಹೊಟ್ಟೆ ಕೆಡ್ತದೆ ಅಂದಳು. ನಾನು ಮಾಡುವುದಿಷ್ಟೇ: ಅಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಬಿಸಿ ಹೋಗದ ಹಾಗೆ ಪೆಟ್ಟಿಗೆಯಲ್ಲಿ ಮುಚ್ಚಿಡುವುದು, ಉಳಿದದ್ದು ಆ ಬಿಸಿಯಲ್ಲೇ ಬೇಯುತ್ತದೆ. ಈಗ ಸುಮಾರು ಎರಡು ವರ್ಷದಿಂದ ನಮ್ಮ ಮನೆಯಲ್ಲಿ ದಿನಾ ಇದೇ ಅನ್ನ.

ಮನೆ ಸಂತೆಕಟ್ಟೆಯಲ್ಲಿ, ಕೆಲಸ ಮಣಿಪಾಲದಲ್ಲಿ. ಎಂಟರ ಒಳಗೆ ಬಸ್ಸು ಹಿಡಿಯಬೇಕು. ಮನೆಯ ಐವರಿಗೂ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಆಗುವುದಿಲ್ಲ. ಕುಕ್ಕರಿನಲ್ಲಿ ಇಟ್ಟರೆ ಅಗುಳು ಒಡೆಯುತ್ತದೆ. ಹಾಗಾಗಿ ಮುಕ್ಕಾಲು ಗಂಟೆ ಒಲೆಯ ಮುಂದೆಯೇ ನಿಲ್ಲುತ್ತಿದ್ದೆ.

ಮೊದಲು ಸುಮಾರು 1,800 ರೂಪಾಯಿ ಕೊಟ್ಟು ಬಿಸಿ ಹಿಡಿದಿಡುವ ದೊಡ್ಡ ಕುಕ್ಕರ್ ತಂದೆ. ಆ ದುಡ್ಡು ಹೋಯಿತು. ಹತ್ತು ಜನರ ಪಾತ್ರೆ, ನಮ್ಮ ಅಕ್ಕಿಗೆ ಅರ್ಧವೂ ತುಂಬುತ್ತಿರಲಿಲ್ಲ. ಖಾಲಿ ಜಾಗ ಜಾಸ್ತಿಯಾದರೆ ಬಿಸಿ ನಿಲ್ಲುವುದಿಲ್ಲ. ಇದು ನನಗೆ ತಿಳಿಯಲು ಒಂದು ತಿಂಗಳು ಬೇಕಾಯಿತು. ಆಮೇಲೆ ಮೀನಿನ ತರ್ಮಾಕೋಲ್ ಪೆಟ್ಟಿಗೆ ತಂದೆ, 150 ರೂಪಾಯಿ ಇರಬೇಕು. ಕುದಿಯುವ ಪಾತ್ರೆಯನ್ನು ನೇರವಾಗಿ ಇಟ್ಟಿದ್ದಕ್ಕೆ ಅದರ ತಳವೇ ಕುಸಿಯಿತು. ಮೀನಿನ ವಾಸನೆ ಬೇರೆ.

ದೊಡ್ಡ ಪೆಟ್ಟು ಬಿದ್ದದ್ದು ಮೇ ತಿಂಗಳಲ್ಲಿ. ರಾತ್ರಿ ಒಂಬತ್ತಕ್ಕೆ ಕುದಿಸಿ ಇಟ್ಟು ಬೆಳಿಗ್ಗೆ ತೆಗೆದರೆ ತೆಳಿ (ಅನ್ನದ ಗಂಜಿನೀರು) ಲೋಳೆ ಲೋಳೆ, ಹುಳಿ ವಾಸನೆ. ಮೂರು ಕುಡ್ತೆ ಅಕ್ಕಿಯ ಅನ್ನ ಪೂರಾ ಚೆಲ್ಲಿದೆ. ಉಗುರು ಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಅನ್ನ ಹಾಳಾಗದೆ ಇರುತ್ತದಾ? ರಾತ್ರಿ ಇಡುವುದನ್ನು ಅವತ್ತೇ ಬಿಟ್ಟೆ.

ಈಗ ರಾತ್ರಿ ಅಕ್ಕಿ ತೊಳೆದು ನೆನೆಹಾಕುವುದು ಮಾತ್ರ. ಐದೂವರೆಗೆ ಒಂದಕ್ಕೆ ನಾಲ್ಕು ನೀರಿಟ್ಟು, ಕುದಿ ಬಂದ ಮೇಲೆ 12 ನಿಮಿಷ ಚೆನ್ನಾಗಿ ಕುದಿಸುತ್ತೇನೆ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು. ಆಮೇಲೆ ಅದನ್ನು ಇಡುವ ಪೆಟ್ಟಿಗೆ ಮರದ್ದು, ಒಳಗೆ ಬೈಹುಲ್ಲು, ಅದರ ಮೇಲೆ ಗೋಣಿ. ಮುಚ್ಚಳದ ಮೇಲೆ ಇನ್ನೊಂದು ಇಡುತ್ತೇನೆ, ಅದನ್ನು ಮಾತ್ರ ಹೇಳುವುದಿಲ್ಲ. ಏಳೂವರೆಗೆ ತೆಗೆದು, ಮತ್ತೊಮ್ಮೆ ಕುದಿ ಬರಿಸಿ ತೆಳಿ ಬಸಿದರೆ ಆಯ್ತು. ಒಂದೊಂದು ಅಗುಳೂ ಇಡಿಯಾಗಿರುತ್ತದೆ. ಇಷ್ಟು ಚಂದದ ಅನ್ನ ನಮ್ಮ ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಆಗುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಒಂದೂವರೆ ತಿಂಗಳು ಬರುತ್ತಿದ್ದ ಸಿಲಿಂಡರ್ ಈಗ ಎರಡು ತಿಂಗಳು ದಾಟುತ್ತದೆ. ಆ ಎರಡು ಗಂಟೆಯಲ್ಲಿ ತೆಂಗಿನಕಾಯಿ ತುರಿದು, ಮಸಾಲೆ ಕಡೆದು, ಪಲ್ಯವನ್ನೂ ಮುಗಿಸುತ್ತೇನೆ.

ಬೇರೆಯವನ್ನೂ ಇಟ್ಟು ನೋಡಿದೆ. ನೆನೆಸಿದ ಹುರುಳಿ ಚೆನ್ನಾಗಿ ಬೆಂದು ಸಾರಿಗೆ ಒಳ್ಳೆಯ ಕಟ್ಟು ಸಿಕ್ಕಿತು. ತೊಗರಿಬೇಳೆಯೂ ಸರಿ. ಕಡಲೆ ಎರಡು ಸಲವೂ ಗಟ್ಟಿ ಉಳಿಯಿತು, ಅದಕ್ಕೆ ಕುಕ್ಕರೇ ಆಗಬೇಕು. ಗುಜ್ಜೆ (ಎಳೆ ಹಲಸು) ಕರಗಿ ಮುದ್ದೆಯಾಯಿತು, ಅದನ್ನು ಇಡಲೇಬೇಡಿ.

ಹೊಸ ಅಕ್ಕಿ ಬಂದಾಗ ಮಾತ್ರ ಜಾಗ್ರತೆ. ಅದಕ್ಕೆ ಎಂಟು ನಿಮಿಷದ ಕುದಿ ಸಾಕು, ನೀರೂ ಕಡಿಮೆ. ಹೊಸ ಮೂಟೆ ಬಿಚ್ಚಿದರೆ ಮೊದಲ ದಿನ ಭಾನುವಾರವೇ ಆಗಲಿ, ಟಿಫಿನ್ ಕಟ್ಟುವ ದಿನ ಬೇಡ.