ನಡಾವಳಿಯಲ್ಲಿ ನನ್ನ ಮಾತು

ನಮ್ಮ ವಾರ್ಡ್ ಮಹಿಳಾ ಮೀಸಲಿಗೆ ಬಂದಾಗ ಪುರಸಭೆಗೆ ನಿಂತೆ, ಗೆದ್ದೆ. ಆದರೆ ಮೊದಲ ಆರು ತಿಂಗಳು ಫೋನೆಲ್ಲ ನನ್ನ ಗಂಡನಿಗೇ ಬರುತ್ತಿತ್ತು. ನಲ್ಲಿ ಕನೆಕ್ಷನ್, ಖಾತೆ, ಬೀದಿ ದೀಪ, ಏನೇ ಇರಲಿ, ನಾನು ಫೋನ್ ಎತ್ತಿದರೆ 'ಸ್ವಲ್ಪ ಅವರಿಗೆ ಕೊಡಿ ಮೇಡಂ' ಅನ್ನುತ್ತಿದ್ದರು. 1993ರಲ್ಲಿ ಸಂವಿಧಾನದ 74ನೇ ತಿದ್ದುಪಡಿ ಜಾರಿಯಾದಾಗ ಪುರಸಭೆ, ನಗರಸಭೆಗಳ ಸೀಟುಗಳಲ್ಲಿ ಹೆಂಗಸರಿಗೆ ಸಿಕ್ಕಿದ್ದು ಕನಿಷ್ಠ ಮೂರನೇ ಒಂದು ಭಾಗ. ಕರ್ನಾಟಕದಲ್ಲಿ ಈಗ ಅರ್ಧ. ನಮ್ಮ ಸಭೆಯಲ್ಲೂ ಅರ್ಧ ಕುರ್ಚಿ ನಮ್ಮದೇ. ಆದರೂ ನಾವೆಲ್ಲ ಹಿಂದಿನ ಸಾಲಿನಲ್ಲಿ ಕೂತು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬರುತ್ತಿದ್ದೆವು.

ಒಂದು ಸಭೆಯಲ್ಲಿ ನಮ್ಮ ವಾರ್ಡಿನ ಚರಂಡಿ ದುಡ್ಡನ್ನು ಬೇರೆ ಕಡೆ ಹಾಕುವ ವಿಷಯ ಬಂತು. ಎದ್ದು ನಿಂತು ಬೇಡ ಅಂದೆ. ಮುಂದಿನ ತಿಂಗಳು ನಡಾವಳಿ, ಅಂದರೆ ಆ ಸಭೆಯಲ್ಲಿ ನಡೆದದ್ದರ ದಾಖಲೆ, ಓದಿದರು: 'ಸರ್ವಾನುಮತದಿಂದ ಅಂಗೀಕರಿಸಲಾಯಿತು.' ನಾನು ಆಡಿದ್ದು ಒಂದು ಸಾಲೂ ಇರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಎಲ್ಲವನ್ನೂ ಬರೆದು ಕೊಡಲು ಶುರು ಮಾಡಿದೆ. ಅಜೆಂಡಾ ಕೈಗೆ ಬಂದ ದಿನವೇ ಪೆನ್ನು ಹಿಡಿದು ಕೂರುತ್ತೇನೆ. ಕಾಮಗಾರಿ ಇದ್ದರೆ ಜಾಗಕ್ಕೆ ಹೋಗಿ ನೋಡುತ್ತೇನೆ. ಅರ್ಧ ಹಾಳೆಯಲ್ಲಿ ಪ್ರಶ್ನೆ ಬರೆದು, ಪುರಸಭೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನನ್ನ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳುತ್ತೇನೆ. ಆ ಸೀಲು ಬಿಡಲೇಬಾರದು. ವಿರೋಧ ಇದ್ದರೆ 'ನನ್ನ ಹೆಸರು ಹಾಕಿ ಬರೆದುಕೊಳ್ಳಿ' ಅನ್ನುತ್ತೇನೆ. ಬರೆಯುವ ತನಕ ಕೂರುವುದಿಲ್ಲ.

ಮೇಲಿನ ಬೀದಿಗೆ ನೀರು ಏರುತ್ತಿಲ್ಲ ಅನ್ನುವುದು ಹಳೇ ದೂರು. ಒಂದು ದಿನ ಬೆಳಗಿನ ಜಾವ ನೀರಗಂಟಿ ಜೊತೆ ವಾಲ್ವ್ ಹತ್ತಿರ ನಿಂತೆ. ಕೀ ತಿರುಗಿಸಿದ ಕೂಡಲೇ ಇಳಿಜಾರಿನ ಮನೆಗಳ ಸಂಪು ತುಂಬತೊಡಗಿತು. ಮೇಲಿನ ಬೀದಿಯ ನಲ್ಲಿಯಲ್ಲಿ ಸುಮ್ನೆ ಗಾಳಿ ಬರುತ್ತಿತ್ತು. ಬಿಂದಿಗೆ ಸಾಲಾಗಿಟ್ಟು ಕಾಯುತ್ತಿದ್ದವರೆಲ್ಲ ಹೆಂಗಸರೇ. ಯಾವ ಮನೆಗೆ ಎಷ್ಟು ಹೊತ್ತಿಗೆ ನೀರು ಬಂತು ಅಂತ ಬರೆದುಕೊಂಡೆ. ಮೇಲಿನ ಬೀದಿಗೆ ಬೇರೆ ವಾಲ್ವ್ ಬೇಕು ಅಂತ ಆ ಪಟ್ಟಿ ಸಮೇತ ಕೊಟ್ಟೆ. ಮೂರು ಸಭೆ ಹಿಡಿಯಿತು, ವಾಲ್ವ್ ಬಂತು. ಈಗ ಆ ಬೀದಿಯವರು ಬೆಳಿಗ್ಗೆ 5 ಗಂಟೆಗೂ ನನ್ನ ನಂಬರಿಗೇ ಫೋನ್ ಮಾಡುತ್ತಾರೆ. ನನಗೆ ಅದೇ ಜಾಸ್ತಿ ಖುಷಿ.

ಮೊನ್ನೆ ಹಿಂದಿನ ಸಾಲಿನ ಇನ್ನಿಬ್ಬರು ಸದಸ್ಯೆಯರು ತಮ್ಮ ಪ್ರಶ್ನೆ ಬರೆದುಕೊಂಡು ಬಂದಿದ್ದರು. ಮೂವರೂ ಒಟ್ಟಿಗೇ ಟಪಾಲಿಗೆ ಹೋಗಿ ಸೀಲು ಹಾಕಿಸಿಕೊಂಡು ಬಂದೆವು.